ಹೀಗೊಂದು ಬಿಯರ್ ಪುರಾಣ

ಗುಂಡು ಪಾರ್ಟಿಗಳಲ್ಲಿ ಬಿಯರ್ ಕುಡಿಯುವವನಿಗೆ ಯಾವತ್ತೂ ಅರ್ಧ ಟಿಕೆಟ್ಟಿನ ಮರ್ಯಾದೆ. ವಿಸ್ಕಿ ಗುಂಪಿನವರು ನಮ್ಮನ್ನು ಇನ್ನೂ ಮೀಸೆ ಚಿಗುರದ ಹುಡುಗರ ಹಾಗೆ ನೋಡುತ್ತಾರೆ. ಜ್ಯೂಸ್ ಗುಂಪಿನವರು ಕೆಟ್ಟುಹೋದವರ ಲೆಕ್ಕಕ್ಕೆ ಸೇರಿಸುತ್ತಾರೆ. ಮುಂಬೈಗೆ ಬಂದು ಮೂವತ್ತು ವರ್ಷ ದಾಟಿತು, ಈ ಎರಡು ಗುಂಪಿನ ನಡುವೆಯೇ ಕೂತಿದ್ದೇನೆ, ಒಂದು ಕೈಯಲ್ಲಿ ಗ್ಲಾಸು, ಇನ್ನೊಂದರಲ್ಲಿ ಮಸಾಲಾ ಪಾಪಡ್. ಹಾಗಾಗಿ ಬಿಯರ್ ಬಗ್ಗೆ ನಾಲ್ಕು ಮಾತು ಬರೆಯುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ. ಮಡಿವಂತ ಓದುಗರು ದೊಡ್ಡ ಮನಸ್ಸು ಮಾಡಬೇಕು, ಮುಂದಿನ ಸಲ ಫಿಲ್ಟರ್ ಕಾಫಿ ಬಗ್ಗೆ ಬರೆದು ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತೇನೆ.

ನಾನು ಅರಸೀಕೆರೆ ಕಡೆಯವನು. ನಮ್ಮ ಮನೆಯಲ್ಲಿ ‘ಬ್ರಾಂದಿ ಅಂಗಡಿ’ ಅನ್ನುವ ಮಾತನ್ನೂ ದನಿ ತಗ್ಗಿಸಿಯೇ ಆಡುತ್ತಿದ್ದರು. 1994ರಲ್ಲಿ ಕೆಲಸಕ್ಕೆಂದು ಆಗಿನ ಬೊಂಬಾಯಿಗೆ ಬಂದು, ಡೊಂಬಿವಲಿಯಲ್ಲಿ ಇನ್ನು ಮೂವರು ಕನ್ನಡದ ಹುಡುಗರ ಜೊತೆ ರೂಮು ಮಾಡಿದೆ. ಶನಿವಾರ ಸಂಜೆ ಲೋಕಲ್ ಟ್ರೇನಿನಲ್ಲಿ ಹಿಂಡಿ ಹಿಪ್ಪೆಯಾಗಿ ಇಳಿದವರಿಗೆ ಸ್ಟೇಷನ್ ಪಕ್ಕದ ಪರ್ಮಿಟ್ ರೂಮೇ ದೇವಸ್ಥಾನ.

ಪರ್ಮಿಟ್ ರೂಮ್ ಅನ್ನುವ ಹೆಸರಿಗೆ ಒಂದು ಕಥೆ ಇದೆ ನೋಡಿ. ಇದು 1949ರ ಬಾಂಬೆ ಪಾನನಿಷೇಧ ಕಾಯ್ದೆಯ ಬಾಲಂಗೋಚಿ. ಕಾಯ್ದೆ ಪ್ರಕಾರ ಮಹಾರಾಷ್ಟ್ರದಲ್ಲಿ ಕುಡಿಯುವವನ ಹತ್ತಿರ ಪರವಾನಗಿ ಇರಬೇಕು, ಅದೂ ಆರೋಗ್ಯ ಕಾಪಾಡಿಕೊಳ್ಳುವುದಕ್ಕೆ ಅನ್ನುವ ಕಾರಣಕ್ಕೆ! ಹೊರಗೆ ಬೋರ್ಡು ಹೀಗಿದ್ದರೂ ಒಳಗೆ ಹೋದರೆ ಗಲ್ಲಾದಲ್ಲಿ ಕೂತವರು ಕಾರ್ಕಳದವರೋ ಕುಂದಾಪುರದವರೋ ಆಗಿರುತ್ತಿದ್ದರು. ಹುಡುಗರ ಜೊತೆ ತುಳು, ಗಿರಾಕಿಗಳ ಜೊತೆ ಹಿಂದಿ, ಮರಾಠಿ. ನಮ್ಮ ಬಾಯಲ್ಲಿ ಕನ್ನಡ ಕೇಳಿದ್ದೇ ತಡ, “ಎಂತ ಬೇಕು ಮಾರಾಯ್ರೆ, ಬಂಗುಡೆ ಫ್ರೆಶ್ ಉಂಟು” ಅನ್ನುವ ಉಪಚಾರ. ಊರು ಬಿಟ್ಟು ಬಂದವನಿಗೆ ಆ ‘ಉಂಟು’ವಿನಲ್ಲೇ ಅರ್ಧ ನಶೆ ಏರುತ್ತಿತ್ತು.

ಮೊದಲ ಗುಟುಕು ಮಾತ್ರ ಹಾಗಲಕಾಯಿ ರಸಕ್ಕೆ ಸೋಡಾ ಬೆರೆಸಿದ ಹಾಗಿತ್ತು. ಈ ಕಹಿ ಹಾಪ್ಸ್ ಅನ್ನುವ ಬಳ್ಳಿಯ ಹೂವಿನದು ಅಂತ ಆಮೇಲೆ ತಿಳಿಯಿತು. ಬಾರ್ಲಿಯ ಸಿಹಿಯನ್ನು ಅಂಕೆಯಲ್ಲಿ ಇಡುವುದು ಅದೇ. ಮೂರನೇ ಶನಿವಾರದ ಹೊತ್ತಿಗೆ ನಾಲಿಗೆಗೆ ಆ ಕಹಿಯೇ ಬೇಕು ಅನ್ನಿಸತೊಡಗಿತು. ಕಾಫಿಯೂ ಹೀಗೇ ಅಲ್ಲವೇ?

ಆಗ ನನ್ನ ಅಚ್ಚುಮೆಚ್ಚು ಲಂಡನ್ ಪಿಲ್ಸ್‌ನರ್. ಇಲ್ಲಿಯವರ ಬಾಯಲ್ಲಿ ಬರೀ ಎಲ್‌ಪಿ. ಪಿಲ್ಸ್‌ನರ್ ಅಂದರೆ ಈಗಿನ ಜೆಕ್ ದೇಶದ ಪ್ಲಜೆನ್ ಊರಿನದು ಅಂತ ಅರ್ಥ. 1842ರಲ್ಲಿ ಆ ಊರಿನಲ್ಲಿ ಯೋಸೆಫ್ ಗ್ರೋಲ್ ಅನ್ನುವ ಬವೇರಿಯಾದವನು ಹೊಂಬಣ್ಣದ, ತಿಳಿಯಾದ ಬಿಯರ್ ತಯಾರಿಸಿದ. ನಮ್ಮ ದೇಶದಲ್ಲಿ ಬಾಟಲಿಯಲ್ಲಿ ಸಿಗುವ ಹೆಚ್ಚಿನ ಬಿಯರ್‌ಗಳೆಲ್ಲ ಆ ವಂಶದವೇ. ಹೆಸರಿನ ಅರ್ಧ ಲಂಡನ್ನಿನದು, ಇನ್ನರ್ಧ ಪ್ಲಜೆನ್‌ನದು, ಕುಡಿಯುವವನು ಅರಸೀಕೆರೆಯವನು, ಕೂತದ್ದು ಡೊಂಬಿವಲಿಯಲ್ಲಿ. ವಲಸೆ ಅನ್ನುವುದು ಮನುಷ್ಯರಿಗೆ ಮಾತ್ರ ಅಂದವರು ಯಾರು?

ಊರಿನ ನೆನಪಾದಾಗ ಕಿಂಗ್‌ಫಿಷರ್. ಅದಕ್ಕೆ ಕಾರಣ ರುಚಿಗಿಂತ ಹೆಚ್ಚಾಗಿ ಬಾಟಲಿಯ ಮೇಲಿನ ಬೆಂಗಳೂರು ವಿಳಾಸ. ಯುನೈಟೆಡ್ ಬ್ರೂವರೀಸ್ ಕಂಪನಿಯನ್ನು 1915ರಲ್ಲಿ ಕಟ್ಟಿದವರು ಥಾಮಸ್ ಲೀಶ್‌ಮನ್ ಅನ್ನುವ ಸ್ಕಾಟ್‌ಲೆಂಡಿನವರು. 1947ರಲ್ಲಿ ಅದರ ಮೊದಲ ಭಾರತೀಯ ನಿರ್ದೇಶಕರಾದವರು ವಿಠಲ ಮಲ್ಯ, ಬಂಟ್ವಾಳದ ಮೂಲದವರು. ಹಳೇ ಬ್ರೂವರಿ ಇದ್ದ ಜಾಗದಲ್ಲಿ ಈಗ ಯುಬಿ ಸಿಟಿ ನಿಂತಿದೆ. 2021ರಲ್ಲಿ ಕಂಪನಿಯ ಹಿಡಿತ ಹಾಲೆಂಡಿನ ಹೈನೆಕೆನ್ ಕೈಗೆ ಹೋಯಿತು. ಆದರೂ ಮೀನು ಹಿಡಿಯುವ ಆ ಹಕ್ಕಿ ನನ್ನ ಕಣ್ಣಿಗೆ ಇನ್ನೂ ನಮ್ಮೂರ ಕಡೆಯದೇ. ಅಭಿಮಾನಕ್ಕೆ ಷೇರು ಪತ್ರ ಬೇಕಾಗಿಲ್ಲ ಬಿಡಿ.

ಇನ್ನು ಕುಡಿಯುವ ಕ್ರಮ. ಬಾಟಲಿ ಕಂದು ಬಣ್ಣದ್ದಾಗಿರಬೇಕು. ಬೆಳಕು ತಾಗಿದರೆ ಹಾಪ್ಸ್‌ನ ಅಂಶ ಒಡೆದು ಕೆಟ್ಟ ವಾಸನೆ ಬರುತ್ತದೆ, ಕಂದು ಗಾಜು ಅದನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಗ್ಲಾಸನ್ನು ಓರೆ ಹಿಡಿದು ಸುರಿದು, ಕೊನೆಯಲ್ಲಿ ನೆಟ್ಟಗೆ ಮಾಡಿ ಎರಡು ಬೆರಳಿನಷ್ಟು ನೊರೆ ಬರಿಸಬೇಕು. ತಣ್ಣಗಿರಬೇಕು, ಆದರೆ ಹಲ್ಲು ಜುಮ್ಮೆನ್ನುವಷ್ಟು ಬೇಡ. ನಾಲಿಗೆ ಮರಗಟ್ಟಿದ ಮೇಲೆ ರುಚಿ ಹೇಳುವವರು ಯಾರು? ಜೊತೆಗೆ ಹುರಿದ ಬಂಗುಡೆ ಅಥವಾ ಕಾಣೆ ರವಾ ಫ್ರೈ. ಸಸ್ಯಾಹಾರಿಗಳಿಗೆ ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿ. ಇದಕ್ಕಿಂತ ಹೆಚ್ಚಿನ ಚಖನಾ ಬೇಡ.

ಇಷ್ಟು ವರ್ಷ ಲಾಗರ್ ಒಂದೇ ಬಿಯರ್ ಅಂದುಕೊಂಡಿದ್ದ ನನ್ನ ಕಣ್ಣು ತೆರೆಸಿದ್ದು ಪುಣೆ. 2009ರಲ್ಲಿ ಅಲ್ಲಿ ಡೂಲಾಲಿ ಶುರುವಾಯಿತು, ದೇಶದ ಮೊದಲ ಮೈಕ್ರೋಬ್ರೂವರಿಗಳಲ್ಲೊಂದು. ಅಲ್ಲಿಯೇ ನಾನು ಮೊದಲ ಸಲ ಗೋಧಿ ಬಿಯರ್ ಕುಡಿದದ್ದು. ಬಣ್ಣ ಮಂಜುಮಂಜು, ಕಹಿ ಬಹಳ ಕಡಿಮೆ, ಮೂಗಿಗೆ ಬಾಳೆಹಣ್ಣು, ಲವಂಗದ ಪರಿಮಳ. ಪಂಚಾಮೃತಕ್ಕೆ ಬಾಳೆಹಣ್ಣು ಹಿಚುಕಿ ಹಾಕಿದ್ದಾರೋ ಏನೋ ಅಂದುಕೊಂಡೆ. ಬಾಳೆಹಣ್ಣೂ ಇಲ್ಲ, ಲವಂಗವೂ ಇಲ್ಲ, ಜರ್ಮನ್ ಪದ್ಧತಿಯ ಗೋಧಿ ಬಿಯರಿಗೆ ಬಳಸುವ ಯೀಸ್ಟು ಹುದುಗುವಾಗ ತಾನೇ ಆ ಪರಿಮಳಗಳನ್ನು ಹುಟ್ಟಿಸುತ್ತದೆಯಂತೆ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟಿಗೆ ಬೆಳಗಾಗುವಷ್ಟರಲ್ಲಿ ಬರುವ ಘಮ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2010ರಲ್ಲಿ ಬೆಂಗಳೂರಿನ ಇಂದಿರಾನಗರದಲ್ಲಿ ಟಾಯ್ಟ್ ಬಂತು. ರಜೆಗೆ ಹೋದಾಗಲೆಲ್ಲ ತಂಗಿಯ ಮಗ ಕರೆದುಕೊಂಡು ಹೋಗುತ್ತಾನೆ, ಬಿಲ್ಲು ಮಾತ್ರ “ಮಾವ, ನೀವೇ ಹಿರಿಯರು” ಅಂತ ನನ್ನ ಕಡೆ ತಳ್ಳುತ್ತಾನೆ. ಹೋಗಲಿ, ಇವತ್ತು ನನ್ನ ಮೊದಲ ಆಯ್ಕೆ ಗೋಧಿ ಬಿಯರ್, ಎರಡನೆಯದು ಒಳ್ಳೆಯ ಪಿಲ್ಸ್‌ನರ್. ಮಳೆಗಾಲದಲ್ಲಿ ಯಾರಾದರೂ ಸ್ಟೌಟ್ ಕೊಡಿಸಿದರೆ ಬೇಡ ಅನ್ನುವುದಿಲ್ಲ, ಆ ಕಪ್ಪು ಬಿಯರಿನಲ್ಲಿ ಹುರಿದ ಬಾರ್ಲಿಯ ವಾಸನೆ ಥೇಟ್ ಕಾಫಿಪುಡಿ ಅಂಗಡಿಯದು.

ನನ್ನ ಪಟ್ಟಿಯಲ್ಲಿ ಇಲ್ಲದ್ದು ಸ್ಟ್ರಾಂಗ್ ಬಿಯರ್. ಅದಕ್ಕೆ ರುಚಿ ಒಂದೇ ಕಾರಣವಲ್ಲ.

ಡೊಂಬಿವಲಿ ರೂಮಿನ ನಾಲ್ವರಲ್ಲಿ ಒಬ್ಬ ತಿಪಟೂರು ಕಡೆಯವನು. ನಮ್ಮೆಲ್ಲರಿಗಿಂತ ಚುರುಕು, ಅಡುಗೆಯಲ್ಲಿ ಎತ್ತಿದ ಕೈ, ತಿಂಗಳ ಕೊನೆಗೆ ಸಾಲ ಕೊಡುವ ಶಕ್ತಿ ಇದ್ದವನು ಅವನೊಬ್ಬನೇ. ನಾನು ಮೈಲ್ಡ್ ತರಿಸಿದರೆ ಅವನು ಸ್ಟ್ರಾಂಗ್ ತರಿಸುತ್ತಿದ್ದ. “ಬೆಲೆಯಲ್ಲಿ ಏನು ಮಹಾ ವ್ಯತ್ಯಾಸ ಗುರುವೇ, ಕಿಕ್ಕು ಮಾತ್ರ ಡಬಲ್ಲು” ಅನ್ನುವುದು ಅವನ ವಾದ. ಜಾಸ್ತಿಯಾಯಿತು ಕಣೋ ಅಂದರೆ, “ಬಿಯರ್ ಕುಡಿದ್ರೆ ಕುಡಿದಂಗಲ್ಲ, ಬಾರ್ಲಿ ನೀರು ಅಷ್ಟೇ, ಕಿಡ್ನಿ ಕಲ್ಲಿಗೆ ಒಳ್ಳೇದು” ಅಂತ ನಗಿಸಿಬಿಡುತ್ತಿದ್ದ. ಮದುವೆಗಳಾದವು, ರೂಮು ಚದುರಿತು. ಅವನು ಕಲ್ಯಾಣದಲ್ಲಿ ಮನೆ ಮಾಡಿದ. ಶನಿವಾರದ ಒಂದು ಬಾಟಲಿ ದಿನಕ್ಕೊಂದಾಯಿತು, ಆಮೇಲೆ ಮೂರಾಯಿತು. ಆಫೀಸು ತಪ್ಪಿಸಲಿಲ್ಲ, ಬೀದಿಯಲ್ಲಿ ಬೀಳಲಿಲ್ಲ, ಮನೆಯಲ್ಲಿ ದನಿ ಏರಿಸಲಿಲ್ಲ. ಕುಡುಕ ಅಂತ ಕರೆಯುವುದಕ್ಕೆ ಅವನು ಯಾರಿಗೂ ಅವಕಾಶವನ್ನೇ ಕೊಡಲಿಲ್ಲ.

2011ರ ಮಳೆಗಾಲದಲ್ಲಿ ಆಸ್ಪತ್ರೆಯಲ್ಲಿ ನೋಡಿದಾಗ ಕಣ್ಣು ಅರಿಸಿನ ಬಳಿದ ಹಾಗೆ ಹಳದಿ, ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಬಿಗಿದುಕೊಂಡಿತ್ತು. ಲಿವರ್ ಸಿರೋಸಿಸ್. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅವನ ಹೆಂಡತಿ ನನ್ನನ್ನು ಕೇಳಿದರು, “ಅಣ್ಣಾ, ಇವರು ಬ್ರಾಂದಿ ವಿಸ್ಕಿ ಮುಟ್ಟಿದವರೇ ಅಲ್ಲ. ಬರೀ ಬಿಯರು. ಹಿಂಗ್ಯಾಕಾಯ್ತು?” ಹದಿನೆಂಟು ದಿನ ಕಳೆದ ಮೇಲೆ ಅವನು ಹೋದ. ನಲವತ್ತೊಂದು ವರ್ಷ.

ಆ ಪ್ರಶ್ನೆಗೆ ಉತ್ತರ ಬಾಟಲಿಯ ಮೇಲೆಯೇ ಇದೆ, ಸಣ್ಣ ಅಕ್ಷರದಲ್ಲಿ. ಸ್ವಲ್ಪ ಲೆಕ್ಕ ಮಾಡೋಣ. ದೊಡ್ಡ ಬಾಟಲಿ 650 ಮಿ.ಲೀ. ಮೈಲ್ಡ್ ಬಿಯರಿನಲ್ಲಿ ಆಲ್ಕೋಹಾಲ್ ಹೆಚ್ಚೆಂದರೆ ಶೇ. 5, ಸ್ಟ್ರಾಂಗ್‌ನಲ್ಲಿ ಶೇ. 8ರವರೆಗೆ. ಅಂದರೆ ಮೈಲ್ಡ್ ಬಾಟಲಿಯೊಳಗೆ ಶುದ್ಧ ಆಲ್ಕೋಹಾಲ್ 32 ಮಿ.ಲೀ. ಚಿಲ್ಲರೆ, ಸ್ಟ್ರಾಂಗ್ ಆದರೆ 52 ಮಿ.ಲೀ. ನಮ್ಮ ದೇಶದ ವಿಸ್ಕಿ ಶೇ. 42.8ರದ್ದು, 30 ಮಿ.ಲೀ.ನ ಒಂದು ಸ್ಮಾಲ್ ಪೆಗ್ಗಿನಲ್ಲಿ ಇರುವುದು ಸುಮಾರು 13 ಮಿ.ಲೀ. ಹಾಗಾದರೆ ಒಂದು ಮೈಲ್ಡ್ ಬಾಟಲಿ ಎರಡೂವರೆ ಪೆಗ್ಗಿಗೆ ಸಮ, ಒಂದು ಸ್ಟ್ರಾಂಗ್ ನಾಲ್ಕು ಪೆಗ್ಗಿಗೆ. ದಿನಕ್ಕೆ ಮೂರು ಸ್ಟ್ರಾಂಗ್ ಅಂದರೆ ಹನ್ನೆರಡು ಪೆಗ್ಗು, ಅಂದರೆ ಎರಡು ಕ್ವಾರ್ಟರ್ ವಿಸ್ಕಿ. ದಿನಾ ಎರಡು ಕ್ವಾರ್ಟರ್ ಕುಡಿಯುವವನನ್ನು ಕಂಡರೆ ಹೆಂಡತಿ ತವರಿಗೆ ಹೇಳಿಕಳಿಸುತ್ತಾಳೆ, ಅಣ್ಣತಮ್ಮಂದಿರು ಬಂದು ಕೂರಿಸಿ ಬುದ್ಧಿ ಹೇಳುತ್ತಾರೆ. ಬಿಯರ್ ಅಂದದ್ದಕ್ಕೆ ಇವನ ಮನೆಗೆ ಯಾರೂ ಬರಲಿಲ್ಲ. ಲಿವರ್ ಮಾತ್ರ ಹೆಸರು ನೋಡುವುದಿಲ್ಲ, ಮಿಲಿಲೀಟರ್ ಎಣಿಸುತ್ತದೆ.

ಬಿಯರನ್ನು ಬೈಯುವುದಕ್ಕೆ ಇದನ್ನು ಬರೆಯುತ್ತಿಲ್ಲ. ಬೈಯಬೇಕಾದರೆ ಮೇಲಿನ ಬಂಗುಡೆ, ಬಾಳೆಹಣ್ಣಿನ ವರ್ಣನೆ ಯಾಕೆ? ಬಿಯರ್ ನನಗೆ ಇಷ್ಟ, ಇಷ್ಟ ಆದ್ದರಿಂದಲೇ ಅದನ್ನು ಮದ್ಯ ಅಂತ ಲೆಕ್ಕಕ್ಕೆ ಹಿಡಿಯುತ್ತೇನೆ. ವಾರಕ್ಕೊಂದು ದಿನ, ಒಂದೇ ಬಾಟಲಿ, ಊಟದ ಜೊತೆ, ಆ ದಿನ ಗಾಡಿ ಮುಟ್ಟುವುದಿಲ್ಲ. ಕಿಕ್ಕು ಬೇಕಾದವನಿಗೆ ಬ್ರಾಂಡು ಯಾವುದಾದರೂ ಒಂದೇ. ರುಚಿ ಬೇಕಾದವನಿಗೆ ಒಂದು ಬಾಟಲಿಯಲ್ಲೇ ಸಂಜೆ ಕಳೆಯುತ್ತದೆ.

ಈ ವರ್ಷ ನನ್ನ ಮಗನಿಗೆ 21 ತುಂಬಿತು. ಮಹಾರಾಷ್ಟ್ರದ ಕಾನೂನೂ ಬಿಯರನ್ನು ಚಿಕ್ಕ ತಮ್ಮನ ಹಾಗೆ ಕಾಣುತ್ತದೆ: ವಿಸ್ಕಿ, ರಮ್ಮಿಗೆ 25 ಆಗಬೇಕು, ಮೈಲ್ಡ್ ಬಿಯರಿಗೆ 21 ಸಾಕು. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಆದ ಹುಡುಗ, ಸ್ನೇಹಿತರ ಜೊತೆ ಹೊರಟವನು ಅಮ್ಮನಿಗೆ, “ಅಮ್ಮಾ, ಇಟ್ಸ್ ಓನ್ಲಿ ಬಿಯರ್” ಅಂದದ್ದು ಒಳಗಿನ ಕೋಣೆಯಲ್ಲಿದ್ದ ನನಗೆ ಕೇಳಿಸಿತು. ಭಾಷೆ ಬೇರೆ, ಮಾತು ಅದೇ. ಕೂಗಾಡಲಿಲ್ಲ. ಮಾರನೇ ಭಾನುವಾರ ಅವನನ್ನು ನಾನೇ ಒಂದು ಮೈಕ್ರೋಬ್ರೂವರಿಗೆ ಕರೆದುಕೊಂಡು ಹೋದೆ. ಕಾಗದದ ಕರವಸ್ತ್ರದ ಮೇಲೆ ಮೇಲಿನ ಲೆಕ್ಕವನ್ನೇ ಬರೆದು ತೋರಿಸಿದೆ, ತಿಪಟೂರಿನ ಅಂಕಲ್ ಕಥೆಯನ್ನು ಪೂರ್ತಿ ಹೇಳಿದೆ. ಅವರು ಹೋದಾಗ ಅವನಿನ್ನೂ ಚಿಕ್ಕವನು, ಅವರು ಮಾಡುತ್ತಿದ್ದ ಕೊಬ್ಬರಿ ಮಿಠಾಯಿ ಮಾತ್ರ ನೆನಪಿದೆ ಅಂದ.

ಸ್ವಲ್ಪ ಹೊತ್ತು ಸುಮ್ಮನಿದ್ದು ಮೆನು ಎತ್ತಿಕೊಂಡ. ಹೆಸರುಗಳನ್ನು ಬಿಟ್ಟು, ಪಕ್ಕದಲ್ಲಿ ಸಣ್ಣದಾಗಿ ಅಚ್ಚಾಗಿದ್ದ ಶೇಕಡಾ ಅಂಕಿಗಳ ಮೇಲೆ ಬೆರಳಾಡಿಸುತ್ತಾ ಕೆಳಗಿಳಿದ. “ಅಪ್ಪಾ, ಗೋಧಿಯದು 5ರ ಒಳಗಿದೆ. ಒಂದೊಂದು ಹೇಳಲಾ?”

ಹೇಳು ಅಂದೆ.