ಬಸ್ಸಿಗಿಂತ ಉದ್ದದ ಮೀನು, ಮತ್ತ ಅದಕ್ಕಾಗಿ ಕೊಯ್ದ ಬಲಿ

ಭಾಗ 1/5
ದೋಸ್ತರೇ, ಒಂದು ಸವಾಲ್. ದಿನಾ ಕಾಲೇಜಿಗೆ ಹತ್ತತೀರಲ್ಲ, ಆ ಕೆಂಪು ಬಸ್ ಎಷ್ಟು ಉದ್ದ ಇರ್ತದ? ಸುಮಾರು 11 ಮೀಟರ್. ಅಷ್ಟೇ ಉದ್ದದ ಒಂದು ಮೀನು ಅದ ಅಂದ್ರ ನಂಬ್ತೀರೇನು? ಖರೆನೇ ಅದ. ಹೆಸರು ವೇಲ್ ಶಾರ್ಕ್, ತಿಮಿಂಗಿಲ ಶಾರ್ಕ್ ಅಂತನೂ ಅಂತಾರ. ಇಲ್ಲಿವರೆಗೆ ದಾಖಲಾದ ಅತಿ ದೊಡ್ಡದು ಸುಮಾರು 18.8 ಮೀಟರ್. ಅದು ಸಿಕ್ಕಿದ್ದು ನಮ್ಮದೇ ಅರಬ್ಬಿ ಸಮುದ್ರದಾಗ.

"ನರೋಣಾದವರಿಗೆ ಸಮುದ್ರದ ಉಸಾಬರಿ ಯಾಕಪಾ?" ಅಂತ ಕಮೆಂಟ್ ಹಾಕೋರಿಗೆ ಮೊದಲೇ ಹೇಳ್ತೀನಿ: ನಮ್ಮ ಅಮರ್ಜಾ ಗಾಣಗಾಪುರದ ಸಂಗಮದಾಗ ಭೀಮಾಕ್ಕ ಸೇರ್ತಾಳ, ಭೀಮಾ ಕೃಷ್ಣಾಕ್ಕ, ಕೃಷ್ಣಾ ಬಂಗಾಳ ಕೊಲ್ಲಿಗೆ. ನಮ್ಮ ಹೊಲದ ನೀರಿಗೂ ಸಮುದ್ರದ ದಾರಿ ಗೊತ್ತದ. ನಮ್ಮ ಮಂದಿಗೂ ಗೊತ್ತದ. ಅದನ್ನ ಭಾಗ 3ರಾಗ ಹೇಳ್ತೀನಿ.

ಭಾಗ 2/5
ಹೆಸರಿನಾಗ ತಿಮಿಂಗಿಲ ಇದ್ರೂ ಇದು ತಿಮಿಂಗಿಲ ಅಲ್ಲ. ತಿಮಿಂಗಿಲ ಮ್ಯಾಲ ಬಂದು ಗಾಳಿ ಉಸಿರಾಡ್ತದ, ಮರಿಗೆ ಹಾಲು ಕುಡಿಸ್ತದ. ಇದು ಕಿವಿರಿನಿಂದ ಉಸಿರಾಡೋ ಅಪ್ಪಟ ಮೀನು. ಜಗತ್ತಿನ ಎಲ್ಲಾ ಮೀನುಗಳಲ್ಲಿ ದೊಡ್ಡದು.

ಶಾರ್ಕ್ ಅಂದ ಕೂಡಲೇ ಸಿನಿಮಾದ ಹಲ್ಲು ನೆನಪಾಗ್ತಾವ. ಇದರ ಬಾಯಿ ಒಂದೂವರೆ ಮೀಟರ್ ತನಕ ಅಗಲ ಆಗ್ತದ, ಆದ್ರ ಹಲ್ಲು ಸಣ್ಣ ಸಣ್ಣವು, ಕಚ್ಚಲಿಕ್ಕೆ ಬರೋಹಂಗಿಲ್ಲ. ಬಾಯಿ ತೆರೆದು ನೀರು ಒಳಗ ತಗೊಂಡು, ಮನ್ಯಾಗ ಜರಡಿ ಹಿಡಿದಂಗ ಸೋಸಿ, ಸಣ್ಣ ಜೀವಿ, ಸಣ್ಣ ಮೀನು, ಮೀನಿನ ತತ್ತಿ ಅಷ್ಟೇ ತಿಂತದ.

ಮೈಮ್ಯಾಲಿನ ಬಿಳಿ ಚುಕ್ಕಿ ಅವಲ್ಲ, ಅವು ನಮ್ಮ ಹೆಬ್ಬೆರಳಿನ ಗುರುತಿನಂಗ. ಒಂದರ ಚುಕ್ಕಿ ಇನ್ನೊಂದಕ್ಕಿಲ್ಲ. ಆಕಾಶದ ಫೋಟೋದಾಗ ನಕ್ಷತ್ರ ಹೊಂದಿಸಿ ನೋಡ್ಲಿಕ್ಕೆ ಮಾಡಿದ ಲೆಕ್ಕದ ವಿಧಾನವನ್ನೇ ಬದಲಿಸಿಕೊಂಡು, ವಿಜ್ಞಾನಿಗಳು ಈ ಚುಕ್ಕಿ ಹೊಂದಿಸಿ "ಇದು ಅದೇ ಮೀನು" ಅಂತ ಗುರುತು ಹಿಡೀತಾರ.

ಬೆಳೆಯೋದು ಮಾತ್ರ ಭಾಳ ನಿಧಾನ. ಮರಿ ಹುಟ್ಟಿದಾಗ ಅರ್ಧ ಮೀಟರಿನಷ್ಟು. ಅದು ತಾಯಿ ಆಗೋದ್ರಾಗ ದಶಕಗಳೇ ಹೋಗ್ತಾವ. ಹಂಗಾಗಿ ಒಂದು ದೊಡ್ಡ ಮೀನು ಸತ್ರ ಆ ಜಾಗ ತುಂಬಲಿಕ್ಕೆ ಹತ್ತಾರು ವರ್ಷ ಬೇಕು.

ಭಾಗ 3/5
ಈಗ ನಮ್ಮ ಮನಿ ಕತಿ. ನಮ್ಮ ಕಾಕಾನ ಮಗ ಮಲ್ಪೆಯಲ್ಲಿ ಮೀನಿನ ಬೋಟಿಗೆ ದುಡೀಲಿಕ್ಕೆ ಹೋಗ್ತಾನ. ಜೂನ್ 1ರಿಂದ ಜುಲೈ 31ರ ತನಕ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳ ಮೀನುಗಾರಿಕೆ ಬಂದ್. ನಮ್ಮ ಕಡಿ ಅದೇ ತೊಗರಿ ಬಿತ್ತೋ ಟೈಮ್. ಬೋಟ್ ದಡಕ್ಕ ಬಂದ ಮ್ಯಾಲ ಅಣ್ಣ ಊರಿಗೆ ಬಂದು ಕೂರಿಗಿ ಹಿಡೀತಾನ, ಬಿತ್ತಿ ಮತ್ತ ಹೊಂಟು ಹೋಗ್ತಾನ.

ಹೋದ ಸಲ ಬಂದಾಗ ಹೇಳಿದ: "ಒಂದಿನ ಬಲಿ ಎಳದ್ರ ಬರ್ಲೇ ಇಲ್ಲ. ಕಲ್ಲಿಗೆ ಸಿಕ್ಕಿತೇನೋ ಅಂದ್ಕೊಂಡ್ವಿ. ಮ್ಯಾಲ ಬಂದ್ರ ಚುಕ್ಕಿ ಚುಕ್ಕಿ ಮೈ. ಬಾಲ ಬಡದ್ರ ಬೋಟೇ ಅಲುಗಾಡ್ತಿತ್ತು. ತಾಂಡೇಲರು ಬಲಿ ಕೊಯ್ರಿ ಅಂದ್ರು. ಕೊಯ್ದಿವಿ. ಹೋತು."

"ಆಮ್ಯಾಲ?" ಅಂದೆ.

"ಆಮ್ಯಾಲ ಏನು? ಬಲಿಯೊಳಗಿನ ಮೀನೂ ಅದರ ಕೂಡ ಹೋದ್ವು. ಆ ಸಲ ಪಾಲು ಇಲ್ಲ."

ಬೋಟಿನಾಗ ಸಂಬಳ ಅಂದ್ರ ಹಿಡಿದ ಮೀನಿನ ಮ್ಯಾಲಿನ ಪಾಲು. ಮೀನಿಲ್ಲ ಅಂದ್ರ ಊರಿಗೆ ರೊಕ್ಕ ಇಲ್ಲ. ಕಾಕಿ ಆ ತಿಂಗಳು ಸಂಘದ ಕಂತು ಸಾಲ ಮಾಡಿ ಕಟ್ಟಿದ್ಳು. ಒಂದು ಮೀನು ಉಳೀತು, ಅದರ ಬಿಲ್ಲು ನರೋಣಾದ ಒಂದು ಮನಿಗೆ ಬಂತು.

ಭಾಗ 4/5
ಗುಜರಾತಿನ ವೆರಾವಲ್ ಕಡಿ ಒಂದು ಕಾಲಕ್ಕ ಈ ಮೀನನ್ನ ವರ್ಷಕ್ಕ ನೂರಾರು ಕೊಲ್ತಿದ್ರು. ಯಕೃತ್ತಿನ ಎಣ್ಣಿ ಕಟ್ಟಿಗಿ ದೋಣಿಗೆ ಸವರಲಿಕ್ಕೆ, ಮಾಂಸ ಪರದೇಶಕ್ಕ. ಗಾಳ ಹಾಕಿದ ಮೀನು ಮುಳುಗಬಾರದು ಅಂತ ಬ್ಯಾರಲ್ ಕಟ್ತಿದ್ರು, ಹಂಗಾಗಿ ಅಲ್ಲಿ ಅದರ ಹೆಸರೇ "ಬ್ಯಾರಲ್" ಆಗಿತ್ತು. ಮೈಕ್ ಪಾಂಡೆ ಅವರು 2000ದಲ್ಲಿ ಇದರ ಮ್ಯಾಲೆ ಸಾಕ್ಷ್ಯಚಿತ್ರ ತಗದ್ರು. 2001ರ ಮೇ ತಿಂಗಳಿನಾಗ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ ಸೇರಿತು, ಹುಲಿ ಇರೋ ಪಟ್ಟಿಗೆ. ಆ ಪಟ್ಟಿಗೆ ಸೇರಿದ ಮೊದಲ ಮೀನು ಇದೇ.

ಆದ್ರ ಬರೇ ಕಾಯ್ದೆಗೆ ಯಾರು ಬಗ್ತಾರ? 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ, ಗುಜರಾತ್ ಅರಣ್ಯ ಇಲಾಖೆ ಮತ್ತು ಟಾಟಾ ಕೆಮಿಕಲ್ಸ್ ಕೂಡಿ ಅಭಿಯಾನ ಶುರು ಮಾಡಿದ್ರು. ಕಥಾಕಾರ ಮೊರಾರಿ ಬಾಪು ಅವರು ಮೀನುಗಾರರಿಗೆ ಹೇಳಿದ್ದು ಇಷ್ಟು: ಇದು ಬಾಣಂತನಕ್ಕ ತವರಿಗೆ ಬರೋ ಮಗಳು. "ಬ್ಯಾರಲ್" ಹೋಗಿ "ವ್ಹಾಲಿ" ಆತು. ಅಂದ್ರ ಅಕ್ಕರೆಯವಳು. ಕುಬಸ ಮಾಡಿ ಮಗಳನ್ನ ತವರಿಗೆ ಕರ್ಕೊಂಡು ಬರೋ ನಮಗ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಅದರ ಕೂಡ ಇನ್ನೊಂದು ಮಾಡಿದ್ರು, ನನಗ ಅದೇ ಮುಖ್ಯ ಅನಸ್ತದ. ಕೊಯ್ದ ಬಲಿಗೆ ಪರಿಹಾರ ಕೊಟ್ರು. ಮೀನುಗಾರರ ಕೈಯಾಗೇ ಕ್ಯಾಮೆರಾ ಕೊಟ್ಟು, ಬಿಟ್ಟ ಮೀನಿನ ಫೋಟೋ ತಗೀರಿ, ಅದೇ ಪುರಾವೆ ಅಂದ್ರು. ಅಲ್ಲಿ ಇಲ್ಲಿತನಕ 900ಕ್ಕೂ ಹೆಚ್ಚು ಮೀನು ಜೀವಂತ ಸಮುದ್ರಕ್ಕ ವಾಪಸ್ ಹೋಗ್ಯಾವ. ಮಹಾರಾಷ್ಟ್ರವೂ 2018ರಲ್ಲಿ ಸಂರಕ್ಷಿತ ಜೀವಿಗಾಗಿ ಬಲಿ ಕೊಯ್ದವರಿಗೆ 25,000 ರೂಪಾಯಿ ತನಕ ಕೊಡೋ ಯೋಜನೆ ತಂತು.

ಭಾಗ 5/5
2022ರಾಗ ನಮ್ಮ ತೊಗರಿಗೆ ನೆಟೆ ರೋಗ ಬಿತ್ತು, ನೆನಪದ ಏನು? ನಿಂತ ಬೆಳಿ ನಿಂತಲ್ಲೇ ಒಣಗಿತು. ಪರಿಹಾರ ಬೇಕು ಅಂತ ನಮ್ಮ ಅಪ್ಪಂದಿರು ಕೇಳಿದ್ರು. ಅದು ಭಿಕ್ಷೆ ಅಲ್ಲ ಅಂತ ನಮಗ ಗೊತ್ತಿತ್ತು. ಕೊಯ್ದ ಬಲಿಯೂ ಹಂಗೇ. ಮೀನು ಎಲ್ಲರದು ಅಂದ್ರ ಲುಕ್ಸಾನೂ ಎಲ್ಲರದು ಆಗಬೇಕು. ದಿನದ ಪಾಲಿನ ಮ್ಯಾಲ ಬದುಕೋನ ಒಬ್ಬನ ತಲಿಮ್ಯಾಲ ಹಾಕಿದ್ರ, ಮುಂದಿನ ಸಲ ಅವನ ಕೈ ಚಾಕು ಹಿಡಿಯೋಕ ಹಿಂದ ಮುಂದ ನೋಡ್ತದ.

ನಮ್ಮ ಕರ್ನಾಟಕದ ಸಮುದ್ರದಾಗೂ ಈ ಮೀನು ಅದ. ಮುರ್ಡೇಶ್ವರದ ಎದುರಿನ ನೇತ್ರಾಣಿ ನಡುಗಡ್ಡೆ ಹತ್ತಿರ ಡೈವಿಂಗ್ ಮಾಡೋರಿಗೆ ಆಗಾಗ ಕಂಡದ.

ನಿಮ್ಮ ಅಣ್ಣ, ಮಾವ, ಓಣಿಯವರು ಯಾರಾದ್ರೂ ಬೋಟಿಗೆ ಹೋಗ್ತಾರೇನು? ಈ ಪೋಸ್ಟ್ ಅವರಿಗೆ ಕಳಸ್ರಿ. ಎರಡು ಮಾತು ಹೇಳ್ರಿ: ಇದನ್ನ ಕೊಲ್ಲೋದು, ಮಾರೋದು ಅಪರಾಧ. ಬಲಿ ಕೊಯ್ಯೋವಾಗ ಒಬ್ಬರು ಮೊಬೈಲಿನಾಗ ವಿಡಿಯೋ ಮಾಡ್ಕೊಳ್ರಿ, ದಂಡಿಗೆ ಬಂದು ಅರಣ್ಯ ಇಲಾಖೆಗೆ, ಮೀನುಗಾರಿಕೆ ಇಲಾಖೆಗೆ ತೋರಸ್ರಿ. ಬಲಿ ಹೋಗಿದ್ದಕ್ಕ ಪುರಾವೆ ಇದ್ರನೇ ಕೇಳೋ ಬಾಯಿಗೆ ಬಲ.

ಆಗಸ್ಟ್ 30 ವೇಲ್ ಶಾರ್ಕ್ ದಿನ. ಅವತ್ತು ಎಲ್ಲರೂ ಮೀನಿನ ಫೋಟೋ ಹಾಕ್ತಾರ. ನಾನು ಅಣ್ಣನ ಕೈ ಫೋಟೋ ಹಾಕ್ತೀನಿ: ಒಂದು ಅಂಗೈಯಾಗ ಬಲಿ ಹಗ್ಗದ ಗಾಯ, ಇನ್ನೊಂದರಾಗ ಕೂರಿಗಿಯ ದಡ್ಡು.

#ವೇಲ್‌ಶಾರ್ಕ್ #ನರೋಣಾ #ನಮ್ಮಕಡಿಮಾತು