ಹ್ಯಾಟೆಯೋ ಹುಂಜವೋ

ಹಲಸೂರಿನ ವಠಾರದಲ್ಲಿದ್ದಾಗ ನಮ್ಮವ್ವ ಬೀದೀಲಿ ಗುಲಾಬಿ ಬಣ್ಣ ಬಳಿದ ಆರು ಕೋಳಿಮರಿ ತಂದಳು. ಮೊಟ್ಟೆ ಮಾರಿ ನಮ್ಮ ಪರೀಕ್ಷೆ ಫೀಜು ಕಟ್ಟೋ ಲೆಕ್ಕ. "ಯಾವ ಜಾತಿ?" ಅಂದರು ವಠಾರದೋರು. ಈ ಸಲ ಕೇಳಿದ್ದು ಮರಿಗಳದ್ದು.

ಡಿಗ್ರಿ ಓದುತ್ತಿದ್ದ ನಾವು ರೆಕ್ಕೆಗರಿಯ ಉದ್ದ ನೋಡಿ ಐದು ಹ್ಯಾಟೆ ಎಂದೆವು. ಆ ಗುರುತು ಅದಕ್ಕೆಂದೇ ಕೂಡಿಸಿದ ತಳಿಗಳಿಗೆ ಮಾತ್ರ. ಬಣ್ಣದ ತುಪ್ಪಳ ಉದುರಿ ಬಿಳಿ ಗರಿ ಬಂತು: ಲೆಗ್‌ಹಾರ್ನ್. ಎಂಟು ವಾರಕ್ಕೆ ಆರರ ಜುಟ್ಟೂ ಕೆಂಪೇರಿತು. ಆಮೇಲೆ ಸೊಂಟದ ಮೇಲೆ ಚೂಪು ಗರಿ. ಹ್ಯಾಟೆಗಾದರೆ ಮೊಂಡು. ಎಲ್ಲವೂ ಹುಂಜ!

ಮರಿ ಮಾಡಿಸೋ ಕಡೆ ಹುಟ್ಟಿದ ದಿನವೇ ಗುದ ಒತ್ತಿ ಗಂಡು ಬೇರ್ಪಡಿಸ್ತಾರೆ. ಜಪಾನಿನವರು 1920ರ ದಶಕದಲ್ಲಿ ಕಂಡುಕೊಂಡ ವಿದ್ಯೆ. ಮೊಟ್ಟೆಯಿಡದ, ಮಾಂಸ ತುಂಬದ ಅವನ್ನು ಕೊಲ್ಲೋದೇ ಹೆಚ್ಚು. ಕೆಲವಕ್ಕೆ ಬಣ್ಣ, ಬೀದಿ.

"ಬ್ಯಾಡಾದೋವು ಅಂತ ಗೊತ್ತಿದ್ದೇ ಮಾರಿದ್ನಾ?" ಅಂದಳು ಅವ್ವ. ಆರಕ್ಕೂ ನುಚ್ಚು ಚೆಲ್ಲಿದಳು. ಫೀಜಿಗೆ ಓಲೆ ಅಡ ಇಟ್ಟಳು.