ಮುಗಿಯದ ಪಟ್ಟಿ

ಅಮೆರಿಕೆಯ ಎನ್‌ಬಿಸಿ ವಾಹಿನಿಯಲ್ಲಿ 2005ರಿಂದ 2009ರವರೆಗೆ ‘ಮೈ ನೇಮ್ ಈಸ್ ಅರ್ಲ್’ ಎಂಬ ಹಾಸ್ಯ ಧಾರಾವಾಹಿ ಪ್ರಸಾರವಾಯಿತು. ಅದರ ನಾಯಕ ಅರ್ಲ್ ಒಬ್ಬ ಚಿಲ್ಲರೆ ಕಳ್ಳ. ಲಾಟರಿಯಲ್ಲಿ ಒಂದು ಲಕ್ಷ ಡಾಲರ್ ಗೆದ್ದ ಮರುಕ್ಷಣವೇ ಕಾರು ಬಡಿದು, ಚೀಟಿಯನ್ನೂ ಕಳೆದುಕೊಳ್ಳುತ್ತಾನೆ. ಆಸ್ಪತ್ರೆಯಲ್ಲಿ ಮಲಗಿದ್ದಾಗ ‘ಕರ್ಮ’ ಎಂಬ ಶಬ್ದ ಅವನ ಕಿವಿಗೆ ಬೀಳುತ್ತದೆ. ತಾನೆಸಗಿದ 259 ತಪ್ಪುಗಳ ಪಟ್ಟಿ ಬರೆದು, ನೊಂದವರನ್ನು ತಾನೇ ಹುಡುಕಿಕೊಂಡು ಹೋಗಿ, ಒಂದೊಂದನ್ನೇ ಸರಿಪಡಿಸತೊಡಗುತ್ತಾನೆ.

ಅವನ ಪಾಲಿಗೆ ಕರ್ಮವೆಂದರೆ ಒಳಿತಿಗೆ ಬಹುಮಾನ ಕೊಡುವ ಶಕ್ತಿ. ಜೈನದರ್ಶನದ ಕರ್ಮವಾದರೋ ಆತ್ಮಕ್ಕೆ ಅಂಟುವ ಪುದ್ಗಲ. ಆದರೂ ದೋಷಗಳನ್ನು ಒಂದೊಂದಾಗಿ ನೆನೆದು ಒಪ್ಪಿಕೊಳ್ಳುವ ಆ ರೀತಿ, ಪ್ರತಿಕ್ರಮಣವನ್ನು ಬಲ್ಲ ಶ್ರಾವಕರಿಗೆ ಅಪರಿಚಿತವಲ್ಲ.

96ನೆಯ ಕಂತು 2009ರ ಮೇ ತಿಂಗಳಲ್ಲಿ ‘ಮುಂದುವರಿಯುವುದು’ ಎಂಬ ಬರಹದೊಡನೆ ಮುಗಿಯಿತು. ವಾಹಿನಿಯು ಧಾರಾವಾಹಿಯನ್ನು ರದ್ದುಪಡಿಸಿತು. ಮುಂದಿನ ಕಂತು ಬರಲೇ ಇಲ್ಲ. ಯೋಚಿಸಿದ್ದ ಅಂತ್ಯವನ್ನು ನಿರ್ಮಾತೃ ಗ್ರೆಗ್ ಗಾರ್ಸಿಯಾ 2013ರಲ್ಲಿ ತಿಳಿಸಿದರು: ತನ್ನಿಂದ ಪ್ರೇರಿತರಾಗಿ ಇತರರೂ ಪಟ್ಟಿ ಹಿಡಿದು ಹೊರಟಿರುವುದನ್ನು ಅರಿತ ಅರ್ಲ್, ಮುಗಿಯದ ತನ್ನ ಪಟ್ಟಿಯನ್ನು ಹರಿದುಹಾಕಿ ಬಿಡುಗಡೆ ಹೊಂದಬೇಕಿತ್ತು.

ಸುಂದರವಾದ ಅಂತ್ಯವೇ ಸರಿ. ಆದರೆ ಪಟ್ಟಿಯಲ್ಲಿ ಉಳಿದವರ ಪಾಡೇನು? ಒಬ್ಬನ ಸತ್ಕಾರ್ಯ ಎಷ್ಟು ಜನಕ್ಕೆ ಮಾದರಿಯಾದರೂ, ಅವನು ನೋಯಿಸಿದ ಜೀವಕ್ಕೆ ಅದರಿಂದ ಸಮಾಧಾನ ದೊರೆಯದು.

ಆಯುಷ್ಯವೂ ಮುನ್ಸೂಚನೆ ನೀಡಿ ಮುಗಿಯುವುದಿಲ್ಲ. ಕ್ಷಮಾವಣಿಯಂದು ಬಸದಿಯಲ್ಲಿ ಸರ್ವರಿಗೂ ಕೈಮುಗಿಯುವುದು ಸುಲಭ. ಮಾತುಬಿಟ್ಟ ಅಣ್ಣನ ಮನೆಯ ಮೆಟ್ಟಿಲೇರುವುದು ಕಷ್ಟ. ಆ ಒಂದು ಹೆಸರನ್ನು ಮುಂದಿನ ವರ್ಷಕ್ಕೆ ದೂಡದಿರುವುದೇ ಲೇಸು.